ಕಿಟಕಿಗೆ ಬೆನ್ನು ಕೊಟ್ಟು ಕುಳಿತ ಅಪ್ಪ

ರಾ ಕಡತವೊಂದನ್ನು, ಅಂದರೆ ಕ್ಯಾಮೆರಾ ಏನೂ ತಿದ್ದದೆ ಹಸಿಯಾಗಿಯೇ ಉಳಿಸಿದ ಚಿತ್ರವನ್ನು, ಕಂಪ್ಯೂಟರಿನಲ್ಲಿ ಮೊದಲ ಬಾರಿ ತೆರೆದಾಗ ಪರದೆಯ ಮೇಲೆ ಒಂದು ಕ್ಷಣ ಚೆಂದದ ಹೂಬಳ್ಳಿ ಕಾಣಿಸಿತು. ಮರುಕ್ಷಣ ಯಾರೋ ಅದರ ಮೇಲೆ ಬೂದಿ ಎರಚಿದಂತೆ ಬಣ್ಣವೆಲ್ಲ ಇಳಿದುಹೋಯಿತು. ತಂತ್ರಾಂಶ ಕೆಟ್ಟಿದೆ ಎಂದುಕೊಂಡು ಮುಚ್ಚಿ ತೆರೆದೆ. ಮತ್ತೆ ಅದೇ ಆಟ: ಮೊದಲು ಬಣ್ಣ, ಆಮೇಲೆ ಬೂದಿ. ಕ್ಯಾಮೆರಾ ತಾನೇ ತಿದ್ದಿ ಸಿದ್ಧಪಡಿಸಿಕೊಡುವ ಜೆಪೆಗ್ ಚಿತ್ರ ತೆಗೆದುಕೊಂಡು ಹಾಯಾಗಿದ್ದ ನನ್ನನ್ನು, “ರಾ ತೆಗೆಯದಿದ್ದರೆ ನೀನು ಅರ್ಧ ಕ್ಯಾಮೆರಾವನ್ನಷ್ಟೇ ಬಳಸಿದಂತೆ” ಎಂದು ಕೆಣಕಿದ್ದ ಸ್ನೇಹಿತನ ಮೇಲೆ ಸಿಟ್ಟು ಬಂತು. ಉಳಿದರ್ಧ ಕ್ಯಾಮೆರಾ ಇದೇ ಆಗಿದ್ದರೆ ಅದು ನನಗೆ ಬೇಡವಾಗಿತ್ತು.

ಆದರೂ ಬಿಡಲಾಗಲಿಲ್ಲ. ಕಾರಣ ಅಪ್ಪನ ಒಂದು ಚಿತ್ರ. ಸಂಜೆ ಹೊತ್ತು, ಅವರು ಕಿಟಕಿಗೆ ಬೆನ್ನು ಕೊಟ್ಟು ಕುಳಿತು ಓದುತ್ತಿದ್ದರು. ಭುಜದ ಮೇಲಿನಿಂದ ಬಂದ ಬೆಳಕು ಪುಸ್ತಕದ ಪುಟಕ್ಕೆ ಬಿದ್ದು, ಅಲ್ಲಿಂದ ಪುಟಿದು ಗಲ್ಲದ ಕೆಳಗೂ ಕನ್ನಡಕದ ಕೆಳ ಅಂಚಿನಲ್ಲೂ ತುಸುವೇ ಮಿನುಗುತ್ತಿತ್ತು. ಕ್ಯಾಮೆರಾ ಮಾಡಿಕೊಟ್ಟ ಜೆಪೆಗ್‌ನಲ್ಲಿ ಕಿಟಕಿ ಸುಣ್ಣ ಬಳಿದ ಗೋಡೆ, ಮುಖ ಮಸಿ. ಸ್ನೇಹಿತನ ಮಾತು ಕೇಳಿ ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸುವಂತೆ ಕ್ಯಾಮೆರಾವನ್ನು ಹೊಂದಿಸಿದ್ದೆ. ರಾ ಕಡತದಲ್ಲಿ ಕಿಟಕಿಯೂ ಮುಖವೂ ಇನ್ನೂ ಬದುಕಿರಬಹುದು ಎಂಬ ಆಸೆಯೊಂದೇ ನನ್ನನ್ನು ಈ ಗೊಡವೆಗೆ ಎಳೆದದ್ದು. ಮುಂದಿನ ಐದಾರು ತಿಂಗಳು ನಾನು ಪ್ರಯತ್ನಿಸಿದ ಪ್ರತಿ ತಂತ್ರಾಂಶದ ಮುಂದೆಯೂ ಮೊದಲು ಇಟ್ಟದ್ದು ಈ ಒಂದೇ ಚಿತ್ರವನ್ನು.

ಬೂದಿಯ ರಹಸ್ಯ ತಿಳಿಯಲು ಎರಡು ದಿನ ಬೇಕಾಯಿತು. ಕ್ಯಾಮೆರಾ ತಾನೇ ಸಿದ್ಧಪಡಿಸಿದ ಜೆಪೆಗ್ ಒಂದನ್ನು ರಾ ಕಡತದ ಹೊಟ್ಟೆಯೊಳಗೆ ಇಟ್ಟಿರುತ್ತದೆ. ತಂತ್ರಾಂಶ ಮೊದಲು ತೋರಿಸುವುದು ಅದನ್ನು. ಅಷ್ಟರಲ್ಲಿ ಹಿನ್ನೆಲೆಯಲ್ಲಿ, ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಸೆನ್ಸರಿನ ಅಂಕಿಗಳನ್ನು ಓದಿ ತನ್ನದೇ ಚಿತ್ರ ಕಟ್ಟುತ್ತದೆ. ಕಟ್ಟಿ ಮುಗಿದೊಡನೆ ಜೆಪೆಗ್ಗನ್ನು ಸರಿಸಿ ಇದನ್ನು ಇಡುತ್ತದೆ. ಕ್ಯಾಮೆರಾ ಸದ್ದಿಲ್ಲದೆ ಸೇರಿಸಿದ್ದ ಬಣ್ಣದ ಗಾಢತೆ, ಕಾಂಟ್ರಾಸ್ಟ್, ಅಂಚುಗಳ ಚೂಪು ಯಾವುದೂ ಇದರಲ್ಲಿರುವುದಿಲ್ಲ. ಕ್ಯಾಮೆರಾದ ಪರದೆ ತೋರಿಸುವ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲೆ ಬೆಳಕು ಎಷ್ಟೆಷ್ಟಿವೆ ಎಂಬ ನಕ್ಷೆ) ಕೂಡ ಸಾಮಾನ್ಯವಾಗಿ ಆ ಜೆಪೆಗ್‌ನದೇ, ರಾ ಕಡತದ್ದಲ್ಲ. ಕಿಟಕಿ ಪೂರ್ತಿ ಸುಟ್ಟುಹೋಗಿದೆ ಎಂದು ಅದು ಮಿಣಮಿಣ ಎಚ್ಚರಿಸಿದ್ದನ್ನು ನಾನು ಅಕ್ಷರಶಃ ನಂಬಿದ್ದೆ.

ಇನ್ನೂ ಅಚ್ಚರಿಯಾದದ್ದು, ಸೆನ್ಸರಿಗೆ ಬಣ್ಣವೇ ಕಾಣುವುದಿಲ್ಲ ಎಂಬುದು. ಅದು ಬೆಳಕಿನ ಪ್ರಮಾಣವನ್ನು ಮಾತ್ರ ಅಳೆಯುತ್ತದೆ. ಅದಕ್ಕಾಗಿ ಸೆನ್ಸರಿನ ಪ್ರತಿ ಬಿಂದುವಿನ (ಪಿಕ್ಸೆಲ್‌ನ) ಮೇಲೂ ಒಂದೊಂದು ಬಣ್ಣದ ಸೋಸುಗಾಜು ಕೂರಿಸುತ್ತಾರೆ: ಅರ್ಧದಷ್ಟು ಬಿಂದುಗಳಿಗೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. ಕೊಡಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ರೂಪಿಸಿದ ಜೋಡಣೆ ಇದು. ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ಇಂದಿನ ಬಹುಪಾಲು ಕ್ಯಾಮೆರಾಗಳು ಇದನ್ನೇ ಅನುಸರಿಸುತ್ತವೆ. ಅಂದರೆ ಪ್ರತಿ ಬಿಂದುವಿನಲ್ಲೂ ಒಂದು ಬಣ್ಣ ಅಳೆದದ್ದು, ಉಳಿದೆರಡು ಅಕ್ಕಪಕ್ಕದ ಬಿಂದುಗಳನ್ನು ನೋಡಿ ತಂತ್ರಾಂಶ ಲೆಕ್ಕ ಹಾಕಿದ್ದು. ಲೆಕ್ಕದ ವಿಧಾನ ಒಬ್ಬೊಬ್ಬರದು ಒಂದೊಂದು. ಹಾಗಿದ್ದ ಮೇಲೆ “ಈ ರಾ ಕಡತದ ನಿಜವಾದ ಬಣ್ಣ ಯಾವುದು” ಎಂದು ಕೇಳುತ್ತಾ ಕುಳಿತಿದ್ದ ನನ್ನ ಪ್ರಶ್ನೆಗೇ ಬುಡವಿರಲಿಲ್ಲ.

ಮೊದಲು ಪ್ರಯತ್ನಿಸಿದ್ದು ಕ್ಯಾಮೆರಾ ತಯಾರಕರೇ ಉಚಿತವಾಗಿ ಕೊಡುವ ತಂತ್ರಾಂಶವನ್ನು. ಬೂದಿಯ ಗಾಬರಿ ಇನ್ನೂ ಆರದವರಿಗೆ ಇದು ಒಳ್ಳೆಯ ಮದ್ದು. ಕ್ಯಾಮೆರಾದಲ್ಲಿ ನಾವು ಆರಿಸಿದ ಬಣ್ಣದ ಶೈಲಿಯನ್ನು ಇದು ಓದಬಲ್ಲದು, ಹಾಗಾಗಿ ತೆರೆದ ಚಿತ್ರ ಜೆಪೆಗ್‌ನ ಅವಳಿಯಂತೆಯೇ ಕಾಣುತ್ತದೆ. ಆದರೆ ನನ್ನ ಹಳೆಯ ಕಂಪ್ಯೂಟರಿನಲ್ಲಿ ಒಂದು ಸ್ಲೈಡರ್ ಎಳೆದು, ಎದ್ದು ಹೋಗಿ ನೀರು ಕುಡಿದು ಬಂದರೂ ಚಿತ್ರ ಬದಲಾಗಿರುತ್ತಿರಲಿಲ್ಲ. ಅಪ್ಪನ ಮುಖವನ್ನು ಮಾತ್ರ ಬೆಳಗಿಸುವ ದಾರಿಯೂ ಅದರಲ್ಲಿ ನನಗೆ ಸಿಗಲಿಲ್ಲ. ಬೆಳಗಿಸಿದರೆ ಇಡೀ ಕೋಣೆ ಬೆಳಗುತ್ತಿತ್ತು.

ಆಮೇಲೆ ಅಡೋಬಿಯ ಲೈಟ್‌ರೂಮ್, ಪ್ರಾಯೋಗಿಕ ಅವಧಿಗೆ. 2007ರಿಂದ ಇರುವ ತಂತ್ರಾಂಶ. ಇದನ್ನು ಕಲಿಸುವವರು ಲೆಕ್ಕವಿಲ್ಲದಷ್ಟು. ಹೊಳೆಯುವ ಭಾಗಗಳ ಹೈಲೈಟ್ಸ್ ಸ್ಲೈಡರನ್ನು ಎಡಕ್ಕೂ ನೆರಳಿನ ಶ್ಯಾಡೋಸ್ ಸ್ಲೈಡರನ್ನು ಬಲಕ್ಕೂ ಎಳೆದೆ. ಕಿಟಕಿಯಾಚೆ ಮರದ ಎಲೆಗಳು ಮೂಡಿದವು, ಇತ್ತ ಅಪ್ಪನ ಕಣ್ಣು ಕಾಣಿಸಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಒಂದು ಗಂಟೆಯಲ್ಲಿ ಚಿತ್ರ “ಮುಗಿಯಿತು”. ಕೆಲಸಕ್ಕಾಗಿ ಚಿತ್ರ ತೆಗೆಯುವವರು, ವಾರಕ್ಕೆ ಸಾವಿರ ಚಿತ್ರ ವಿಂಗಡಿಸಬೇಕಾದವರು ಇದನ್ನು ಬಿಟ್ಟು ಬೇರೆ ಹುಡುಕಬೇಕೇ ಎಂದು ಯಾರಾದರೂ ಕೇಳಿದರೆ ನಾನು ಬೇಡ ಎನ್ನುತ್ತೇನೆ.

ನನ್ನನ್ನು ತಡೆದದ್ದು ಚಂದಾ. ಹಣಕ್ಕಿಂತ ಹೆಚ್ಚಾಗಿ, ಚಂದಾ ನಿಲ್ಲಿಸಿದರೆ ಏನಾಗುತ್ತದೆ ಎಂಬುದು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ಮುಗಿದ ಮೇಲೂ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು; ಆದರೆ ತಿದ್ದುವ ‘ಡೆವಲಪ್’ ವಿಭಾಗ ಮುಚ್ಚಿಕೊಳ್ಳುತ್ತದೆ. ರಾ ತಿದ್ದುಪಡಿ ಎಂದರೆ ಮೂಲ ಕಡತವನ್ನು ಮುಟ್ಟದೆ, “ಎಕ್ಸ್‌ಪೋಷರ್ (ಚಿತ್ರದ ಒಟ್ಟು ಬೆಳಕು) ಇಷ್ಟು ಏರಿಸು, ಇಲ್ಲಿ ಕತ್ತರಿಸು” ಎಂಬ ಸೂಚನೆಗಳನ್ನು ಪ್ರತ್ಯೇಕವಾಗಿ ಬರೆದಿಡುವುದು. ಆ ಸೂಚನೆ ಬರೆದವನ ಭಾಷೆಯಲ್ಲೇ ಇರುತ್ತದೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ನಕ್ಷತ್ರ ಗುರುತುಗಳು, ಟ್ಯಾಗ್‌ಗಳು ದಾಟಬಹುದು. ತಿದ್ದುಪಡಿಗಳು ಇದ್ದಂತೆಯೇ ದಾಟುವುದಿಲ್ಲ. ಹತ್ತು ವರ್ಷ ತಿದ್ದಿದ ಚಿತ್ರಗಳ ಕೀಲಿಕೈ ಬೇರೆಯವರ ಬಳಿ ಇರುವುದು ನನ್ನಂತಹ ಹವ್ಯಾಸಿಗೆ, ಅದೂ ತಿಂಗಳುಗಟ್ಟಲೆ ಕ್ಯಾಮೆರಾ ಮುಟ್ಟದಿರುವ ಸೋಮಾರಿಗೆ, ಒಗ್ಗಲಿಲ್ಲ. ಕ್ಯಾಪ್ಚರ್ ಒನ್ ಎಂಬ ಇನ್ನೊಂದು ತಂತ್ರಾಂಶವನ್ನೂ ಕೆಲವು ದಿನ ನೋಡಿದೆ. ಮೈಬಣ್ಣ ಅದರಲ್ಲಿ ಬಂದಷ್ಟು ಹಿತವಾಗಿ ಬೇರೆಲ್ಲೂ ನನಗೆ ಸುಲಭವಾಗಿ ಬರಲಿಲ್ಲ ಎಂಬುದನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಉಳಿದದ್ದು ಮುಕ್ತ ತಂತ್ರಾಂಶಗಳು. ರಾ ಥೆರಪಿಯನ್ನು ತೆರೆದಾಗ ವಿಮಾನದ ಚಾಲಕರ ಕೋಣೆಗೆ ಕಾಲಿಟ್ಟಂತಾಯಿತು. ಬಿಂದುಗಳ ನಡುವೆ ಬಣ್ಣವನ್ನು ಲೆಕ್ಕ ಹಾಕುವ ವಿಧಾನವನ್ನೂ ನಾವೇ ಆರಿಸಬಹುದು. ಅದಕ್ಕೊಂದು ಉದ್ದನೆಯ ಪಟ್ಟಿಯೇ ಇದೆ. ಒಂದು ಭಾನುವಾರ ಪೂರ್ತಿ ಆ ಪಟ್ಟಿಯ ವಿಧಾನಗಳನ್ನು ಒಂದಾದ ಮೇಲೊಂದರಂತೆ ಹಾಕಿ, ಅಪ್ಪನ ಅಂಗಿಯ ಗುಂಡಿಯನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡುತ್ತಾ ಕುಳಿತಿದ್ದೆ. ವ್ಯತ್ಯಾಸ ಕಂಡಿತು ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಕೇಳಿದರೆ ಪ್ರಮಾಣ ಮಾಡಲಾರೆ. ಆದರೆ ಇದರಲ್ಲಿ ನನಗೆ ತುಂಬ ಮೆಚ್ಚುಗೆಯಾದ ಒಂದು ಸೌಲಭ್ಯವಿದೆ: ಕಡತದೊಳಗಿನ ಜೆಪೆಗ್ಗನ್ನು ನೋಡಿ ಅದಕ್ಕೆ ಹೊಂದುವ ಟೋನ್ ಕರ್ವನ್ನು, ಅಂದರೆ ನೆರಳು ಬೆಳಕುಗಳನ್ನು ಎಷ್ಟೆಷ್ಟು ಏರಿಸಿ ಇಳಿಸಬೇಕೆಂಬ ಗೆರೆಯನ್ನು, ತಾನೇ ಎಳೆಯುವುದು. ಬೂದಿ ಚಿತ್ರಕ್ಕೆ ಹೆದರಿ ಓಡಿಹೋಗುವವರಿಗೆ ಇದನ್ನು ಮೊದಲು ತೋರಿಸಬೇಕು.

ಕೊನೆಗೆ ನಿಂತದ್ದು ಡಾರ್ಕ್‌ಟೇಬಲ್‌ನಲ್ಲಿ. ಹಳೆಯ ಫಿಲ್ಮ್ ಕಾಲದ ಎರಡು ಮಾತುಗಳನ್ನು, ಕತ್ತಲ ಕೋಣೆ ಎಂಬ ಡಾರ್ಕ್‌ರೂಮ್ ಮತ್ತು ನೆಗೆಟಿವ್ ಇಟ್ಟು ನೋಡುವ ಲೈಟ್‌ಟೇಬಲ್ ಇವನ್ನು, ಬೆಸೆದ ಹೆಸರು. 2009ರಲ್ಲಿ ಶುರುವಾದ ಯೋಜನೆ. ಇದನ್ನು ಆರಿಸಿದ್ದಕ್ಕೆ ದೊಡ್ಡ ತತ್ವವೇನೂ ಇರಲಿಲ್ಲ. ಇದರಲ್ಲಿ ಒಂದೊಂದು ತಿದ್ದುಪಡಿಗೂ ಒಂದೊಂದು ಸಲಕರಣೆ, ಹೆಸರು ಮಾಡ್ಯೂಲ್; ಒಂದೇ ಎಕ್ಸ್‌ಪೋಷರ್ ಮಾಡ್ಯೂಲನ್ನು ಎರಡು ಬಾರಿ ಹಾಕಿ, ಎರಡನೆಯದು ಮುಖಕ್ಕಷ್ಟೇ ತಾಗುವಂತೆ ಅದರ ಸುತ್ತ ಒಂದು ಅಂಡಾಕಾರದ ಮಾಸ್ಕ್ ಬಿಡಿಸಿ, ಅಂಚನ್ನು ಮೆತ್ತಗೆ ಮಾಡಬಹುದಿತ್ತು. ಅಪ್ಪನ ಚಿತ್ರ ಕೇಳುತ್ತಿದ್ದದ್ದು ಅದನ್ನೇ. ಜೊತೆಗೆ ಪ್ರತಿ ಚಿತ್ರದ ತಿದ್ದುಪಡಿಯನ್ನೂ ಆ ಚಿತ್ರದ ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಕಡತವಾಗಿ ಬರೆದಿಡುತ್ತದೆ. ಇದರ ಬೆಲೆ ನನಗೆ ತಿಳಿದದ್ದು ಆಮೇಲೆ.

ಆರಿಸಿಕೊಂಡ ಮೇಲಿನ ಎರಡು ತಿಂಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಿತ್ರ ಹಾಳಾದಾಗಲೆಲ್ಲ ತಂತ್ರಾಂಶವನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ನಾಲ್ಕು ಸಲ ಬದಲಾಯಿಸಿದ್ದೆ, ಡೊಂಕು ಹೋಗಿರಲಿಲ್ಲ. ಒಂದು ವಿಡಿಯೊದಲ್ಲಿ ಕಂಡ ಮಾಡ್ಯೂಲ್ ನನ್ನ ಆವೃತ್ತಿಯಲ್ಲಿ ಇರುತ್ತಿರಲಿಲ್ಲ, ಇದ್ದರೆ ಹೆಸರು ಬೇರೆ. ಹಾಗೆ ಅರ್ಧ ಕಲಿತದ್ದನ್ನೆಲ್ಲ ಒಂದರ ಮೇಲೊಂದು ಪೇರಿಸಿದೆ. ನೆರಳು ಎತ್ತಲು ಒಂದು, ಎತ್ತಿದ್ದರಿಂದ ಸಪ್ಪೆಯಾದದ್ದಕ್ಕೆ ಕಾಂಟ್ರಾಸ್ಟ್ ಎಂದು ಇನ್ನೊಂದು, ಕಾಂಟ್ರಾಸ್ಟಿನಿಂದ ಕೆಂಪೇರಿದ ಮುಖಕ್ಕೆ ಬಣ್ಣ ತಗ್ಗಿಸಲು ಮತ್ತೊಂದು. ಎಣಿಸಿದಾಗ ಹದಿನೇಳು ಮಾಡ್ಯೂಲ್‌ಗಳಾಗಿದ್ದವು. ಅಪ್ಪನ ತಲೆಯ ಸುತ್ತ ದೇವರ ಪಟದಲ್ಲಿರುವಂತೆ ಒಂದು ಪ್ರಭಾವಳಿ ಬೇರೆ.

ಸಾಕಾಗಿ ಕೈಪಿಡಿ ಓದಲು ಕುಳಿತೆ. ಮೊದಲು ಓದಬೇಕಾದದ್ದನ್ನು ಕೊನೆಗೆ ಓದುವುದು ನನ್ನ ಹಳೆಯ ಚಾಳಿ. ಅದರಲ್ಲಿ ಕಣ್ಣು ತೆರೆಸಿದ ಸಂಗತಿ ಒಂದಿತ್ತು: ಮಾಡ್ಯೂಲ್‌ಗಳನ್ನು ನಾನು ಯಾವ ಕ್ರಮದಲ್ಲಿ ಚಾಲೂ ಮಾಡುತ್ತೇನೋ ಆ ಕ್ರಮದಲ್ಲಿ ಅವು ಕೆಲಸ ಮಾಡುವುದಿಲ್ಲ. ಸೆನ್ಸರಿನ ಅಂಕಿಗಳು ಒಂದು ನಾಲೆಯಲ್ಲಿ ಹರಿದುಬಂದಂತೆ, ನಾಲೆಯ ಉದ್ದಕ್ಕೂ ಮಾಡ್ಯೂಲ್‌ಗಳಿಗೆ ಗೊತ್ತಾದ ಜಾಗಗಳಿವೆ. ನಾನು ಕೊನೆಗೆ ಒತ್ತಿದ್ದು ನಾಲೆಯ ಮೊದಲಿನಲ್ಲೇ ಇರಬಹುದು. ಅಲ್ಲಿ ಏನು ಕದಡಿದರೂ ಕೆಳಗಿನದೆಲ್ಲ ಕದಡುತ್ತದೆ. ನಾನು ತುದಿಯಲ್ಲಿ ಕುಳಿತು ನೀರು ಸೋಸುತ್ತಾ, ಮೂಲದಲ್ಲಿ ಮಣ್ಣು ಸುರಿಯುತ್ತಿದ್ದೆ. ಇದು ಮಾತ್ರ ಹಸಿ ಗೋಡೆಯಲ್ಲಿ ಹರಳು ನೆಟ್ಟಂತೆ ಮನಸ್ಸಿನಲ್ಲಿ ಕುಳಿತಿತು.

ಹದಿನೇಳನ್ನೂ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಒಂದು ತಿಂಗಳು ಐದೇ ಮಾಡ್ಯೂಲ್ ಎಂದು ಕಟ್ಟು ಹಾಕಿಕೊಂಡೆ: ಬಿಳಿಯನ್ನು ಬಿಳಿಯಾಗಿಸುವ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್, ಹೊಳಪನ್ನು ಪರದೆಗೆ ಹಿಡಿಸುವ ಸಿಗ್ಮಾಯ್ಡ್, ನಾಯ್ಸ್ ಎಂಬ ಚುಕ್ಕೆಗಳನ್ನು ತಗ್ಗಿಸುವುದು, ಅಂಚು ಕತ್ತರಿಸುವ ಕ್ರಾಪ್. ಕೈಪಿಡಿ ಹೇಳಿದ ಕ್ರಮ ವಿಚಿತ್ರವೆನಿಸಿತ್ತು. ಮೊದಲು ಮುಖ ಎಷ್ಟು ಬೆಳಗಬೇಕೋ ಅಷ್ಟಕ್ಕೆ ಎಕ್ಸ್‌ಪೋಷರ್ ಏರಿಸು, ಕಿಟಕಿ ಹಾರಿಹೋದರೂ ಹೆದರಬೇಡ. ಆಮೇಲೆ ಸಿಗ್ಮಾಯ್ಡ್ ಅದನ್ನು ಹಿಂದಕ್ಕೆ ತರುತ್ತದೆ. ಕಿಟಕಿಯನ್ನು ಮೊದಲು ಕಾಪಾಡಿ ಆಮೇಲೆ ಮುಖಕ್ಕೆ ಬರುವ ಅಭ್ಯಾಸವಿದ್ದ ಕೈ ಇದಕ್ಕೆ ಒಪ್ಪಲು ಬಹಳ ದಿನ ತಕರಾರು ಮಾಡಿತು.

ಕಿಟಕಿ ಹಿಂದಕ್ಕೆ ಬಂತು, ಗುಲಾಬಿ ಬಣ್ಣದಲ್ಲಿ. ಹಗಲಿನ ಬೆಳಕಿನಲ್ಲಿ ಸಾಮಾನ್ಯವಾಗಿ ಮೊದಲು ತುಂಬಿ ತುಳುಕುವುದು ಹಸಿರು ಬಿಂದುಗಳು. ತುಳುಕಿದ ಮೇಲೆ ಅಲ್ಲಿ ಇನ್ನೆಷ್ಟು ಬೆಳಕಿತ್ತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ವೈಟ್ ಬ್ಯಾಲೆನ್ಸ್ ಕೆಂಪು ನೀಲಿಗಳನ್ನು ಗುಣಿಸಿ ಏರಿಸುತ್ತದೆ, ಹಸಿರು ಇದ್ದಲ್ಲೇ ನಿಲ್ಲುತ್ತದೆ, ಬಿಳಿ ಗುಲಾಬಿಯಾಗುತ್ತದೆ. ಉಳಿದೆರಡು ಬಣ್ಣಗಳನ್ನು ನೋಡಿ ಹಸಿರನ್ನು ಊಹಿಸುವ ಮಾಡ್ಯೂಲ್ ಇದೆ. ಅದು ಎಲೆಗಳಿದ್ದ ಕಡೆಗೆ ಸರಿಯಾಗಿ ಊಹಿಸಿತು. ಆಕಾಶ ಕಾಣುತ್ತಿದ್ದ ಮೇಲಿನ ಎರಡು ಗಾಜುಗಳಲ್ಲಿ ಮೂರೂ ಬಣ್ಣ ತುಳುಕಿದ್ದವು. ಅಲ್ಲಿ ಏನೂ ಇರಲಿಲ್ಲ. ರಾ ಎಂದರೆ ಎಲ್ಲವನ್ನೂ ಉಳಿಸುತ್ತದೆ ಎಂದು ನಂಬಿದ್ದ ನನಗೆ ಆ ಎರಡು ಗಾಜುಗಳು ಇಂದಿಗೂ ಕಾಗದದಷ್ಟು ಬಿಳಿಯಾಗಿಯೇ ಉಳಿದಿವೆ.

ಇತ್ತ ಮುಖದಲ್ಲಿ ಬೇರೆ ಕಷ್ಟ. ಬೆಳಗಿಸಿದಷ್ಟೂ ಮರಳು ಚೆಲ್ಲಿದಂತೆ ಚುಕ್ಕೆಗಳೆದ್ದವು. ನನ್ನ ಕ್ಯಾಮೆರಾದ ರಾ ಕಡತ 14 ಬಿಟ್‌ನದು, ಅಂದರೆ ಪ್ರತಿ ಬಿಂದುವಿಗೆ 16,384 ಮೆಟ್ಟಿಲುಗಳು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256. ಕೇಳಲು ಶ್ರೀಮಂತಿಕೆ. ಆದರೆ ಸೆನ್ಸರ್ ಬೆಳಕನ್ನು ಸರಳರೇಖೆಯಲ್ಲಿ ಎಣಿಸುವುದರಿಂದ ತೀರಾ ಹೊಳೆಯುವ ಮೊದಲ ಸ್ಟಾಪ್ (ಬೆಳಕು ಅರ್ಧಕ್ಕಿಳಿಯುವ ಒಂದು ಹಂತ) ಒಂದೇ ಅದರಲ್ಲಿ ಅರ್ಧ, 8,192 ಮೆಟ್ಟಿಲು ಬಾಚಿಕೊಳ್ಳುತ್ತದೆ. ಮುಂದಿನದಕ್ಕೆ 4,096. ಹೀಗೇ ಇಳಿದು ಐದನೆಯದಕ್ಕೆ ಬರುವಷ್ಟರಲ್ಲಿ ಉಳಿಯುವುದು 512. ಅಪ್ಪನ ಮುಖ ಅದಕ್ಕೂ ಕೆಳಗಿತ್ತು. ಮೆಟ್ಟಿಲಿಗಿಂತ ಮುಖ್ಯವಾಗಿ, ಅಲ್ಲಿಗೆ ಬಿದ್ದಿದ್ದ ಬೆಳಕೇ ಕಡಿಮೆ. ಕಡಿಮೆ ಬೆಳಕು ಸಮನಾಗಿ ಬೀಳುವುದಿಲ್ಲ, ಸಣ್ಣ ಮಳೆಯ ಹನಿಗಳಂತೆ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಆ ಅಸಮತೆಯೇ ಮರಳು. ಆಯಾ ಕ್ಯಾಮೆರಾದ ಆಯಾ ಐಎಸ್‌ಒಗೆ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಹೊಂದಿಕೆಗೆ) ಅಳೆದಿಟ್ಟ ಅಂಕಿಗಳನ್ನು ಬಳಸಿ ನಾಯ್ಸ್ ತಗ್ಗಿಸುವ ಮಾಡ್ಯೂಲ್ ಇದೆ. ಪೂರ್ತಿ ಏರಿಸಿದರೆ ಅಪ್ಪ ಮೇಣದ ಗೊಂಬೆಯಾದರು. ಬಣ್ಣದ ಚುಕ್ಕೆಗಳನ್ನಷ್ಟೇ ತೆಗೆದು ಕಪ್ಪು ಬಿಳುಪಿನ ಮರಳನ್ನು ಬಿಟ್ಟೆ. ಗಡ್ಡದ ಕುರುಚಲು ಉಳಿಯಿತು.

ಈ ನಡುವೆ ಒಂದು ದಿನ ಫೋಲ್ಡರುಗಳನ್ನು ಒಪ್ಪವಾಗಿಡುವ ಹುಮ್ಮಸ್ಸು ಬಂದು, ತಂತ್ರಾಂಶದ ಹೊರಗಿನಿಂದಲೇ ಎಲ್ಲದರ ಹೆಸರು ಬದಲಾಯಿಸಿದೆ. ಮತ್ತೆ ತೆರೆದರೆ ಚಿತ್ರಗಳ ಜಾಗದಲ್ಲಿ ಸಾಲುಸಾಲು ತಲೆಬುರುಡೆಗಳು. ಕಡತ ಸಿಗದಿದ್ದರೆ ಡಾರ್ಕ್‌ಟೇಬಲ್ ತೋರಿಸುವ ಗುರುತು ಅದೇ. ಅಪ್ಪನ ಚಿತ್ರವಿದ್ದ ಜಾಗದಲ್ಲೂ ತಲೆಬುರುಡೆ ಕಂಡಾಗ ಎದೆ ಧಸಕ್ಕೆಂದಿತು. ಹೊಸ ಹೆಸರಿನ ಫೋಲ್ಡರನ್ನು ಮತ್ತೆ ಸೇರಿಸಿದಾಗ ಪಕ್ಕದಲ್ಲಿದ್ದ ಎಕ್ಸ್‌ಎಂಪಿ ಕಡತಗಳನ್ನು ಓದಿಕೊಂಡು ತಿದ್ದುಪಡಿಗಳೆಲ್ಲ ಮರಳಿದವು. ಅಂದಿನಿಂದ ಫೋಲ್ಡರ್ ಸರಿಸುವುದಿದ್ದರೆ ಒಳಗಿನಿಂದಲೇ; ಬ್ಯಾಕಪ್ ಮಾಡುವಾಗ ಆ ಪುಟ್ಟ ಕಡತಗಳೂ ಜೊತೆಗೆ.

ಒಂಬತ್ತನೆಯ ಆವೃತ್ತಿಯನ್ನು ಹೆಮ್ಮೆಯಿಂದ ಅಮ್ಮನಿಗೆ ತೋರಿಸಿದೆ. ಮುಖದ ಪ್ರತಿ ಗೆರೆ, ಹಿಂದಿನ ಗೋಡೆಯ ಬಿರುಕು, ಕುರ್ಚಿಯ ಕಾಲು, ಕಿಟಕಿಯಾಚೆಯ ಎಲೆ, ಎಲ್ಲವೂ ಸ್ಪಷ್ಟ. ಅಮ್ಮ ನೋಡಿ ಹೇಳಿದ್ದು ಇಷ್ಟೇ: “ದೀಪ ಹಾಕಿಕೊಳ್ಳಿ ಎಂದರೆ ಕೇಳದೆ ಕತ್ತಲಲ್ಲೇ ಕುಳಿತು ಓದುತ್ತಿದ್ದರಲ್ಲ, ಇಷ್ಟು ಬೆಳಕು ಎಲ್ಲಿಂದ ಬಂತು?”

ಒಳಗೆ ಹೋಗಿ ಚಿತ್ರವನ್ನು ಮತ್ತೆ ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು. ಪುಟದಿಂದ ಪುಟಿದು ಗಲ್ಲದ ಕೆಳಗೆ ಮಿನುಗುತ್ತಿದ್ದ ಆ ಬೆಳಕು, ನಾನು ಕ್ಯಾಮೆರಾ ಎತ್ತಿಕೊಂಡದ್ದೇ ಯಾವುದಕ್ಕಾಗಿಯೋ ಅದು, ಎಲ್ಲಿಯೂ ಇರಲಿಲ್ಲ. ಸುತ್ತಲೂ ಕತ್ತಲೆಯಿದ್ದರೆ ತಾನೆ ಅದು ಕಾಣುವುದು? ನೆರಳನ್ನು ಎತ್ತುವ ಶಕ್ತಿ ಸಿಕ್ಕಿದೆ ಎಂದು ಸಿಕ್ಕ ನೆರಳನ್ನೆಲ್ಲ ಎತ್ತಿದ್ದೆ. ಹತ್ತನೆಯ ಆವೃತ್ತಿಗೆ ಕುಳಿತಾಗ ಹಿಸ್ಟೋಗ್ರಾಮನ್ನು ಮುಚ್ಚಿಟ್ಟು, ಆ ಸಂಜೆ ಕೋಣೆ ಹೇಗಿತ್ತು ಎಂಬುದನ್ನು ನೆನೆಸಿಕೊಂಡು ಎಕ್ಸ್‌ಪೋಷರ್ ಇಳಿಸುತ್ತಾ ಬಂದೆ. ಗೋಡೆಯ ಬಿರುಕು ಮುಳುಗಿತು. ಕುರ್ಚಿಯ ಕಾಲು ಮುಳುಗಿತು. ಮುಖದ ಮಾಸ್ಕ್‌ನಲ್ಲಿ ಕಣ್ಣುಗಳಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿದೆ. ಗಲ್ಲದ ಕೆಳಗಿನ ಮಿನುಗು ಹಿಂದಿರುಗಿತು.

ಅದನ್ನು ಮುದ್ರಿಸಿ ತಂದರೆ ಬರೀ ಕತ್ತಲೆ. ನನ್ನ ಮಾನಿಟರಿನ ಹೊಳಪು ಕೊಂಡ ದಿನದಿಂದಲೂ ನೂರಕ್ಕೆ ನೂರು ಇತ್ತು. ಅಷ್ಟು ಪ್ರಖರ ಪರದೆಯಲ್ಲಿ “ಸಾಕು” ಎನಿಸಿದ ಬೆಳಕು ಕಾಗದದ ಮೇಲೆ ಸಾಕಾಗುವುದಿಲ್ಲ. ಬಿಳಿ ಕಾಗದವೊಂದನ್ನು ಪರದೆಯ ಪಕ್ಕ ಹಿಡಿದು, ಎರಡೂ ಸರಿಸಮ ಕಾಣುವವರೆಗೆ ಹೊಳಪನ್ನು ಇಳಿಸಿದೆ. ಅರ್ಧಕ್ಕಿಂತಲೂ ಕೆಳಗೆ ಹೋಗಬೇಕಾಯಿತು. ಕ್ಯಾಲಿಬ್ರೇಷನ್ ಉಪಕರಣ ಇದ್ದವರಿಗೆ ಈ ಒರಟು ಉಪಾಯ ನಗು ತರಿಸಬಹುದು, ಆದರೆ ನನಗೆ ಕೆಲಸಕ್ಕೆ ಬಂತು. ರಾತ್ರಿ ತಡವಾಗಿ ಬಣ್ಣ ತಿದ್ದುವುದನ್ನೂ ಬಿಟ್ಟೆ. ಕಣ್ಣು ಪರದೆಗೆ ಹೊಂದಿಕೊಂಡುಬಿಟ್ಟಿರುತ್ತದೆ. ರಾತ್ರಿ ಹಿತವೆನಿಸಿದ ಬಣ್ಣ ಬೆಳಿಗ್ಗೆ ಅರಿಶಿನ ಬಳಿದಂತೆ ಕಾಣುತ್ತದೆ.

ಹನ್ನೊಂದನೆಯದನ್ನು ಎಸ್‌ಆರ್‌ಜಿಬಿ ಬಣ್ಣದ ವ್ಯಾಪ್ತಿಯಲ್ಲಿ ಹೊರತೆಗೆದು ಮತ್ತೆ ಮುದ್ರಿಸಿದೆ. ಕಾಗದದ ಮೇಲೆ ಸಂಜೆಯ ಕೋಣೆ, ಬಿಳಿಯ ಎರಡು ಗಾಜು, ಗಲ್ಲದ ಕೆಳಗೆ ಆ ಮಿನುಗು. ಅಪ್ಪನ ಕೈಗೆ ಕೊಟ್ಟು, ಆರು ತಿಂಗಳ ದುಡಿಮೆಗೆ ಏನಾದರೂ ಹೇಳಿಯಾರು ಎಂದು ಎದುರು ನಿಂತೆ. ಅವರು ಕನ್ನಡಕ ಹಾಕಿಕೊಂಡು, ಚಿತ್ರವನ್ನು ಕಿಟಕಿಯತ್ತ ವಾಲಿಸಿ ಬಹಳ ಹೊತ್ತು ನೋಡಿದರು. ನೋಡುತ್ತಿದ್ದದ್ದು ತಮ್ಮ ಮುಖವನ್ನಲ್ಲ, ಕೈಯಲ್ಲಿದ್ದ ಪುಸ್ತಕವನ್ನು.

“ಇದನ್ನು ನಾನು ಪೂರ್ತಿ ಓದಲೇ ಇಲ್ಲ,” ಎಂದರು. “ಎಲ್ಲಿಟ್ಟಿದ್ದೀಯ, ಹುಡುಕಿ ಕೊಡು.”